ರಾಜಮುಡಿಯೂ ಗಂಧಸಾಲೆಯೂ ಚಿನ್ನಪೊನ್ನಿಯೂ ಮೂರೂ ಇರೋ ರೈತರು ಮಾತ್ರ ಬೇಕು: ಎಸ್‌ಕ್ಯೂಎಲ್‌ನಲ್ಲಿ ಕೇಳೋದು ಹೇಗೆ?

ಬೀಜಬುಟ್ಟಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ. ನಾಟಿ ಭತ್ತದ ಬೀಜ ಉಳಿಸೋ ಒಂದು ಸಣ್ಣ ಬಳಗದಲ್ಲಿ ಲೆಕ್ಕ ನೋಡ್ಕೊಳ್ತೀನಿ. ಮೊದಲೆಲ್ಲ ಎಕ್ಸೆಲ್‌ನಲ್ಲಿತ್ತು. ಹೋದ ವರ್ಷ ಒಬ್ಬ ಹುಡುಗ ಎಲ್ಲವನ್ನೂ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ಗೆ (ಅದಕ್ಕೆ ಪ್ರಶ್ನೆ, ಅಂದ್ರೆ ಕ್ವೆರಿ, ಕೇಳೋ ಭಾಷೆ ಎಸ್‌ಕ್ಯೂಎಲ್) ಹಾಕಿಕೊಟ್ಟ, ಆಮೇಲೆ ಅವನಿಗೆ ಕೆಲಸ ಸಿಕ್ಕಿ ಹೊರಟುಹೋದ. ಈಗ ನಾನೇ ಗತಿ.

ಟೇಬಲ್ ಹೆಸರು "ಬೆಳೆ". ಒಬ್ಬ ರೈತರು ಒಂದು ವರ್ಷ ಒಂದು ತಳಿ ಬೆಳೆದರೆ ಅದಕ್ಕೊಂದು ಸಾಲು:

```
ರೈತ_ಐಡಿ | ತಳಿ        | ವರ್ಷ | ಬೀಜ_ಕೆಜಿ
7       | ರಾಜಮುಡಿ    | 2022 | 40
7       | ಗಂಧಸಾಲೆ    | 2022 | 15
7       | ಚಿನ್ನಪೊನ್ನಿ | 2022 | 20
12      | ರಾಜಮುಡಿ    | 2021 | 30
12      | ರಾಜಮುಡಿ    | 2022 | 30
12      | ರಾಜಮುಡಿ    | 2023 | 25
19      | ರಾಜಮುಡಿ    | 2022 | 10
19      | ಗಂಧಸಾಲೆ    | 2022 | 10
19      | ಚಿನ್ನಪೊನ್ನಿ | 2022 | 12
19      | ರತ್ನಚೂಡಿ   | 2022 | 50
```

ಮೂರು ತಳಿಯನ್ನೂ ಅಕ್ಕಪಕ್ಕದ ತಾಕಿನಲ್ಲಿ ಬೆಳೆದವರ ಗದ್ದೆಗೆ ಜನರನ್ನ ಕರ್ಕೊಂಡು ಹೋಗಿ ತೋರಿಸಬೇಕು ಅಂತಿದೆ. ಹಾಗಾಗಿ ಮೂರೂ ಇರೋರು ಮಾತ್ರ ಬೇಕು. ಮೇಲಿನ ಸಾಲುಗಳಲ್ಲಾದರೆ 7 ಮತ್ತು 19.

`ವೇರ್ ತಳಿ = 'ರಾಜಮುಡಿ' ಆಂಡ್ ತಳಿ = 'ಗಂಧಸಾಲೆ' ಆಂಡ್ ತಳಿ = 'ಚಿನ್ನಪೊನ್ನಿ'` ಅಂತ ಹಾಕಿದ್ರೆ ಒಬ್ಬರೂ ಬರಲ್ಲ. ಆಂಡ್ ತೆಗೆದು ಆರ್ ಹಾಕಿದ್ರೆ 214 ಜನ ಬರ್ತಾರೆ, ಯಾವುದಾದ್ರೂ ಒಂದಿದ್ರೂ ಸಾಕು ಅನ್ನೋ ಹಾಗೆ. ಒಂದೋ ಬರಗಾಲ, ಇಲ್ಲಾ ಪ್ರವಾಹ. ಎಲ್ಲಿ ತಪ್ಪಿದೆ?

(ಕ್ವೆರಿಯನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ, ಇಲ್ಲಿ ಎಲ್ಲರೂ ಹಾಗೇ ಬರೀತಾರೆ ಅಂತ ನೋಡ್ಕೊಂಡೆ. ಓಡಿಸೋವಾಗ ಇಂಗ್ಲಿಷ್‌ನಲ್ಲೇ ಓಡಿಸಿದ್ದು.)

ಸಾಲುಮರ

ಮೇಡಂ, ತಪ್ಪು ಆಂಡ್‌ನಲ್ಲೂ ಇಲ್ಲ, ಆರ್‌ನಲ್ಲೂ ಇಲ್ಲ. ವೇರ್‌ನ ಸ್ವಭಾವ ಅದು.

ವೇರ್ ಅನ್ನೋದು ಗದ್ದೆ ಬಾಗಿಲಲ್ಲಿ ನಿಂತ ಕಾವಲುಗಾರ. ಒಂದು ಸಲಕ್ಕೆ ಒಂದೇ ಸಾಲು ಅವನ ಮುಂದೆ ಬರುತ್ತೆ. ಹಿಂದಿನ ಸಾಲು ಯಾವುದಿತ್ತು, ಮುಂದೆ ಯಾವುದು ಬರುತ್ತೆ ಅವನಿಗೆ ಗೊತ್ತಿಲ್ಲ. "ನಿನ್ನ ತಳಿ ರಾಜಮುಡಿನೂ ಹೌದಾ, ಗಂಧಸಾಲೆನೂ ಹೌದಾ?" ಅಂತ ಒಂದೇ ಸಾಲನ್ನ ಕೇಳಿದ್ರೆ ಯಾವ ಸಾಲು ತಾನೇ ಹೌದು ಅನ್ನುತ್ತೆ? ಒಂದು ಸಾಲಲ್ಲಿ ಇರೋದು ಒಂದೇ ತಳಿ. ಅದಕ್ಕೇ ಸೊನ್ನೆ.

"ಮೂರೂ ಇದೆಯಾ" ಅನ್ನೋ ಪ್ರಶ್ನೆಯನ್ನ ಸಾಲಿಗೆ ಕೇಳೋ ಹಾಗಿಲ್ಲ, ರೈತರಿಗೆ ಕೇಳಬೇಕು. ಅಂದ್ರೆ ಮೊದಲು ರೈತರ ಪ್ರಕಾರ ಸಾಲುಗಳನ್ನ ಗುಡ್ಡೆ ಹಾಕಬೇಕು, ಆಮೇಲೆ ಗುಡ್ಡೆಗೆ ಪ್ರಶ್ನೆ. ಗುಡ್ಡೆ ಹಾಕೋದು ಗ್ರೂಪ್ ಬೈ, ಗುಡ್ಡೆಯನ್ನ ಕೇಳೋದು ಹ್ಯಾವಿಂಗ್.

```
ಸೆಲೆಕ್ಟ್ ರೈತ_ಐಡಿ
ಫ್ರಮ್ ಬೆಳೆ
ವೇರ್ ತಳಿ ಇನ್ ('ರಾಜಮುಡಿ', 'ಗಂಧಸಾಲೆ', 'ಚಿನ್ನಪೊನ್ನಿ')
ಗ್ರೂಪ್ ಬೈ ರೈತ_ಐಡಿ
ಹ್ಯಾವಿಂಗ್ ಕೌಂಟ್(ಡಿಸ್ಟಿಂಕ್ಟ್ ತಳಿ) = 3;
```

ವೇರ್ ಮೊದಲು ಬೇಡದ ತಳಿಯ ಸಾಲುಗಳನ್ನ ಆಚೆ ಹಾಕುತ್ತೆ. ಉಳಿದದ್ದರಲ್ಲಿ ಒಬ್ಬೊಬ್ಬ ರೈತರ ಗುಡ್ಡೆಯಲ್ಲೂ ಬೇರೆ ಬೇರೆ ತಳಿ ಎಷ್ಟಿದೆ ಅಂತ ಎಣಿಸಿ, ಮೂರಿದ್ರೆ ಮಾತ್ರ ಬಿಡುತ್ತೆ.

ರಾತ್ರಿಪಾಳಿ

ಇನ್ನೂ ಚಿಕ್ಕದಾಗಿ `ಕೌಂಟ್(*) = 3` ಅಂತ ಹಾಕಿದ್ರೂ ಆಗುತ್ತಲ್ಲ ಗುರು, ಡಿಸ್ಟಿಂಕ್ಟ್ ಯಾಕೆ ಸುಮ್ನೆ ಭಾರ?

ಜವಾರಿ_ಜೋಳ

ಆಗಂಗಿಲ್ರಿ ತಮ್ಮಾ. ಅಕ್ಕಾರು ಕೊಟ್ಟಿರೋ ಟೇಬಲ್ಲಿನ್ಯಾಗ 12ನೇ ರೈತರನ್ನ ನೋಡು. ಮೂರು ವರ್ಷ ಬರೇ ರಾಜಮುಡಿನ ಹಾಕ್ಯಾರ. ಸಾಲು ಮೂರು ಅದಾವ, ತಳಿ ಒಂದ ಐತಿ. ನಿನ್ನ ಕೌಂಟ್(*) ಅವರನ್ನ ಪಾಸ್ ಮಾಡಿ ಕಳಸ್ತೈತಿ. ಅದರ ಉಲ್ಟಾನೂ ಐತಿ: ಒಬ್ರು ಮೂರೂ ತಳಿನ ಎರಡೆರಡು ವರ್ಷ ಬೆಳದ್ರು ಅಂದ್ರ ಸಾಲು ಆರು ಆಗ್ತಾವ, ಆರು ಮೂರಕ್ಕ ಸಮ ಅಲ್ಲ, ಅವರು ಹೊರಗ. ಬೇಡಾದವರು ಒಳಗ ಬಂದ್ರು, ಬೇಕಾದವರು ಹೊರಗ ಹೋದ್ರು.

ಇದು ಬರೇ ಪುಸ್ತಕದ ಮಾತಲ್ಲ. ನಾ ಹಿಂದ ಒಂದು ಸಹಕಾರಿ ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡಾಕ ಹೋಗಿದ್ದೆ. ಸಾಲದ ಅರ್ಜಿಗೆ ಮೂರು ದಾಖಲೆ ಬೇಕು: ಪಹಣಿ, ಆಧಾರ್, ಫೋಟೋ. ಮೂರೂ ಬಂದ ಅರ್ಜಿನ ಮುಂದಿನ ಟೇಬಲ್ಲಿಗೆ ದೂಡೋ ಕ್ವೆರಿ ನಂದ. ಕೌಂಟ್(*) ಹಾಕಿದ್ದೆ. ಒಬ್ಬ ಪುಣ್ಯಾತ್ಮ ಫೋಟೋ ಸರಿ ಬಂದಿಲ್ಲ ಅಂತ ಮೂರು ಸಲ ಹಾಕಿದ. ಪಹಣಿ ಇಲ್ಲ, ಆಧಾರ್ ಇಲ್ಲ, ಅರ್ಜಿ ಸೀದಾ ಮ್ಯಾನೇಜರ್ ಮುಂದ. ಅವರು ಫೈಲ್ ತಗದು ನೋಡ್ತಾರ, ಮೂರು ಪುಟದಾಗೂ ಅದ ಮುಖ, ನಗಿ ಮಾತ್ರ ಬ್ಯಾರೆ ಬ್ಯಾರೆ. ಅವತ್ತಿನಿಂದ ನಾ ಕೌಂಟ್ ಅಂತ ಬರದ ಕೂಡ್ಲೇ "ಏನನ್ನ ಎಣಸಾಕತ್ತೀನಿ" ಅಂತ ಕೇಳ್ಕೋತೀನಿ.

ರಾತ್ರಿಪಾಳಿ

ಸರಿ ಅಣ್ಣ, ಒಪ್ಕೊಂಡೆ. ರೈತ_ಐಡಿ, ತಳಿ ಎರಡೂ ಸೇರಿ ಯೂನಿಕ್, ಅಂದ್ರೆ ಒಂದು ಜೋಡಿ ಒಂದೇ ಸಲ, ಅಂತ ಕಟ್ಟುಪಾಡು ಇರೋ ಟೇಬಲ್‌ನಲ್ಲಿ ಮಾತ್ರ ನನ್ನದು ನಡೆಯೋದು. ಇಲ್ಲಿ ವರ್ಷ ಇದೆ, ಹಾಗಾಗಿ ಇಲ್ಲ.

ಬೀಜಬುಟ್ಟಿ

ಸಾಲುಮರ ಸಾರ್, ಓಡಿಸಿದೆ. 17 ಜನ ಬಂದ್ರು. ಕುತೂಹಲಕ್ಕೆ ಕೌಂಟ್(*) ಹಾಕಿ ನೋಡಿದ್ರೆ 23. ಆ 23ರಲ್ಲಿ ಸರಿಯಾದ 17ರಲ್ಲಿರೋರು 9 ಜನ ಮಾತ್ರ! ಜವಾರಿ ಜೋಳ ಅಣ್ಣ ಹೇಳಿದ ಹಾಗೆ ಎರಡೂ ಕಡೆ ಸೋರಿದೆ.

ಆದ್ರೆ ಇನ್ನೊಂದು ಅನುಮಾನ. ನಮ್ಮ ಬಳಗದ ಹಿರಿಯರೊಬ್ಬರ ಹತ್ರ ಮೂರೂ ತಳಿ ಇದೆ ಅಂತ ನನಗೆ ಕಣ್ಣಾರೆ ಗೊತ್ತು. ಅವರ ಹೆಸರು 17ರಲ್ಲಿ ಬಂದಿಲ್ಲ. ಟೇಬಲ್‌ನಲ್ಲಿ ಅವರ ಸಾಲುಗಳನ್ನ ತೆಗೆದು ನೋಡಿದ್ರೆ ಮೂರೂ ಇದೆ, ಅಕ್ಷರ ತಪ್ಪೂ ಇಲ್ಲ. ಹಾಗಾದ್ರೆ?

ಕಡಲತಡಿ

ಅಕ್ಷರ ತಪ್ಪಿಲ್ಲ ಅಂತ ಕಣ್ಣು ಹೇಳ್ತದೆ, ಕಂಪ್ಯೂಟರಿಗೆ ಕಣ್ಣು ಎಲ್ಲುಂಟು ಮಾರಾಯ್ರೇ? ಒಂದು ಕೆಲಸ ಮಾಡಿ, ಅವರ ಸಾಲಿನ ಚಿನ್ನಪೊನ್ನಿಗೂ ಬೇರೆಯವರ ಸಾಲಿನ ಚಿನ್ನಪೊನ್ನಿಗೂ `ಲೆಂತ್(ತಳಿ)` ಹಾಕಿ ನೋಡಿ. ಎಷ್ಟೆಷ್ಟು ಬರ್ತದೆ ಹೇಳಿ.

ಬೀಜಬುಟ್ಟಿ

ಅಯ್ಯೋ! ಒಂದು ಕಡೆ 11, ಇನ್ನೊಂದು ಕಡೆ 12. ಕೊನೆಯಲ್ಲಿ ಸ್ಪೇಸ್ ಇದೆಯಾ ಅಂತ ಟ್ರಿಮ್ ಮಾಡಿದೆ, ಆಗಲೂ 12. ಇದೇನು ಮಾಯೆ?

ಕಡಲತಡಿ

ಮಾಯೆ ಅಲ್ಲ, "ಪೊ" ಅಕ್ಷರದ ಕರಾಮತ್ತು. ಕನ್ನಡದ ಒ-ಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಸಂಕೇತ ಕೊಡುವ ಪದ್ಧತಿ) ಎರಡು ರೀತಿ ಇಡ್ಲಿಕ್ಕೆ ಆಗ್ತದೆ. ಒಂದು, ೊ ಅಂತ ಒಂದೇ ಚಿಹ್ನೆ. ಇನ್ನೊಂದು, ಎ-ಕಾರದ ಚಿಹ್ನೆ ಮತ್ತೆ ಊ-ಕಾರದ ಚಿಹ್ನೆ ಎರಡನ್ನೂ ಒಂದರ ಹಿಂದೆ ಒಂದು ಇಡುದು. ಪರದೆ ಮೇಲೆ ಎರಡೂ "ಪೊ" ಅಂತಲೇ ಕಾಣ್ತದೆ, ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಆದ್ರೆ ಒಳಗೆ ಒಂದರಲ್ಲಿ 11 ಸಂಕೇತ, ಇನ್ನೊಂದರಲ್ಲಿ 12. ಪೋಸ್ಟ್‌ಗ್ರೆಸ್ ಮಾಮೂಲಿಯಾಗಿ ಸಂಕೇತ ಸಂಕೇತವಾಗಿ ಹೋಲಿಸುದು, ಹಾಗಾಗಿ ಇವು ಎರಡು ಬೇರೆ ಬೇರೆ ಭತ್ತ ಅಂತ ಅದರ ಲೆಕ್ಕ.

ಒ-ಕಾರ ಮಾತ್ರ ಅಲ್ಲ, ಈ-ಕಾರ, ಏ-ಕಾರ, ಐ-ಕಾರ, ಓ-ಕಾರಕ್ಕೂ ಇದೇ ಕತೆ. ದೀರ್ಘದ ಗುರುತನ್ನು ಪ್ರತ್ಯೇಕ ಸಂಕೇತವಾಗಿ ಇಟ್ಟರೂ ನಡೀತದೆ, ಸೇರಿಸಿ ಇಟ್ಟರೂ ನಡೀತದೆ. ಹಳೆ ಅಕ್ಷರಶೈಲಿಯ ಫೈಲನ್ನು ಯಾವುದೋ ಪರಿವರ್ತಕದಲ್ಲಿ ಹಾಕಿ ತೆಗೆದಿದ್ದೀರಾ ನೀವು? ಒಟ್ಟು ಡೇಟಾದಲ್ಲಿ ಸ್ವಲ್ಪ ಭಾಗ ಮಾತ್ರ ಹೀಗಿದ್ರೆ ಹೆಚ್ಚಾಗಿ ಅದೇ ಕಾರಣ.

ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ `ನಾರ್ಮಲೈಸ್` ಅಂತ ಫಂಕ್ಷನ್ ಉಂಟು (ಎನ್‌ಎಫ್‌ಸಿ ಅಂದ್ರೆ ಸೇರಿಸಿ ಇಡುವ ರೂಪ):

```
ಅಪ್‌ಡೇಟ್ ಬೆಳೆ
ಸೆಟ್ ತಳಿ = ನಾರ್ಮಲೈಸ್(ತಳಿ, ಎನ್‌ಎಫ್‌ಸಿ)
ವೇರ್ ತಳಿ ಈಸ್ ನಾಟ್ ಎನ್‌ಎಫ್‌ಸಿ ನಾರ್ಮಲೈಸ್ಡ್;
```

ಬಿಡಿಬಿಡಿಯಾಗಿರುವ ಚಿಹ್ನೆಗಳು ಸೇರಿ ಒಂದಾಗ್ತವೆ. ಮೊದಲು ಬ್ಯಾಕಪ್ ತೆಗೀರಿ, ಮರೀಬೇಡಿ. ಮತ್ತೆ ಒಂದು: ಪದದ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತ ಕೂತಿದ್ರೆ (ಅರ್ಧಾಕ್ಷರವನ್ನು ಒತ್ತಕ್ಷರ ಆಗದ ಹಾಗೆ ಬಿಡಿಸಿ ಬರೀಲಿಕ್ಕೆ ಹಾಕ್ತೇವಲ್ಲ, ಅದು) ಇದರಿಂದ ಹೋಗುದಿಲ್ಲ. ಅದನ್ನು `ರಿಪ್ಲೇಸ್` ಮಾಡಿಯೇ ತೆಗೀಬೇಕು.

ಬೀಜಬುಟ್ಟಿ

2018ಕ್ಕೆ ಮುಂಚಿನದೆಲ್ಲ ಹಳೇ ಫಾಂಟ್‌ನಲ್ಲಿತ್ತು, ಪರಿವರ್ತಕದಲ್ಲಿ ಹಾಕಿದ್ದು ನಿಜ. ಬ್ಯಾಕಪ್ ತೆಗೆದು ಓಡಿಸಿದೆ. ಈಗ 19 ಜನ. ಹಿರಿಯರೂ ಬಂದ್ರು!

ಹಳೇಟೇಬಲ್

ಒಳ್ಳೆಯ ಪ್ರಶ್ನೆ ತಾಯಿ. ಮೂವತ್ತು ವರ್ಷ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಇದೇ ಪ್ರಶ್ನೆಯಲ್ಲಿ ಪ್ರತಿ ವರ್ಷವೂ ಅರ್ಧ ತರಗತಿ ಮುಗ್ಗರಿಸುತ್ತಿತ್ತು.

ಇದಕ್ಕೊಂದು ಹೆಸರಿದೆ, ಸಂಬಂಧಾತ್ಮಕ ಭಾಗಾಕಾರ, ರಿಲೇಶನಲ್ ಡಿವಿಷನ್. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾದರಿಯ ಪ್ರಬಂಧ ಬರೆದರು. 1972ರಲ್ಲಿ ಅದರ ಬೀಜಗಣಿತವನ್ನು ವಿವರವಾಗಿ ಕಟ್ಟಿದಾಗ ಕೂಡಿಸುವುದು, ಆಯುವುದು, ಗುಣಿಸುವುದರ ಜೊತೆಗೆ ಭಾಗಿಸುವುದನ್ನೂ ಒಂದು ಕ್ರಿಯೆಯಾಗಿ ಸೇರಿಸಿದರು. ನಿಮ್ಮ "ಬೆಳೆ" ಟೇಬಲ್ಲನ್ನು "ಬೇಕಾದ ತಳಿಗಳ ಪಟ್ಟಿ"ಯಿಂದ ಭಾಗಿಸಿದರೆ ಬರುವ ಭಾಗಲಬ್ಧವೇ ನಿಮಗೆ ಬೇಕಾದ ರೈತರು. ತಮಾಷೆ ಏನೆಂದರೆ, 1974ರಲ್ಲಿ ಅದೇ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಸೀಕ್ವೆಲ್ ಎಂಬ ಭಾಷೆಯನ್ನು ಮುಂದಿಟ್ಟರು, ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ಆದರೆ ಇವತ್ತಿಗೂ ನಾವು ಬಳಸುವ ಎಸ್‌ಕ್ಯೂಎಲ್‌ನಲ್ಲಿ ಭಾಗಿಸು ಎನ್ನುವ ಪದವಿಲ್ಲ. ಜಾಯಿನ್‌ಗೆ ಪದವಿದೆ, ಯೂನಿಯನ್‌ಗೆ ಪದವಿದೆ, ಇದಕ್ಕೆ ಮಾತ್ರ ನಾವೇ ದಾರಿ ಹುಡುಕಿಕೊಳ್ಳಬೇಕು. "ಕನಿಷ್ಠ ಒಂದಿದೆ" ಎನ್ನಲು ಎಕ್ಸಿಸ್ಟ್ಸ್ ಇದೆ, "ಎಲ್ಲವೂ ಇದೆ" ಎನ್ನಲು ನೇರ ಪದವಿಲ್ಲ.

ಎಣಿಸುವ ದಾರಿಯನ್ನು ಸಾಲುಮರ ಅವರು ಹೇಳಿದ್ದಾರೆ. ನಾನು ಪಾಠ ಮಾಡುತ್ತಿದ್ದದ್ದು ಎರಡು ಇಲ್ಲಗಳ ದಾರಿ. ಬೇಕಾದ ತಳಿಗಳನ್ನು "ಬೇಕು" ಎಂಬ ಪುಟ್ಟ ಟೇಬಲ್ಲಿಗೆ ಹಾಕಿ (ರೈತರ ಐಡಿ, ಹೆಸರು "ರೈತ" ಎಂಬ ಇನ್ನೊಂದು ಟೇಬಲ್ಲಿನಲ್ಲಿದೆ ಎಂದುಕೊಳ್ಳೋಣ):

```
ಸೆಲೆಕ್ಟ್ ರೈ.ಐಡಿ, ರೈ.ಹೆಸರು
ಫ್ರಮ್ ರೈತ ರೈ
ವೇರ್ ನಾಟ್ ಎಕ್ಸಿಸ್ಟ್ಸ್ (
  ಸೆಲೆಕ್ಟ್ 1 ಫ್ರಮ್ ಬೇಕು
  ವೇರ್ ನಾಟ್ ಎಕ್ಸಿಸ್ಟ್ಸ್ (
    ಸೆಲೆಕ್ಟ್ 1 ಫ್ರಮ್ ಬೆಳೆ
    ವೇರ್ ಬೆಳೆ.ರೈತ_ಐಡಿ = ರೈ.ಐಡಿ
      ಆಂಡ್ ಬೆಳೆ.ತಳಿ = ಬೇಕು.ತಳಿ));
```

ಇಂಗ್ಲಿಷಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ಹೋದರೆ ನಾಲಿಗೆ ತೊಡರುತ್ತದೆ. ಕನ್ನಡದಲ್ಲಿ ನಾವು ದಿನವೂ ಆಡುವ ಮಾತು: "ಅವರ ಮನೆಯಲ್ಲಿ ಇಲ್ಲದ್ದು ಯಾವುದೂ ಇಲ್ಲ." ಅಷ್ಟೇ ಈ ಕ್ವೆರಿ. ಬೇಕಾದ್ದರಲ್ಲಿ ಅವರ ಹತ್ತಿರ ಇಲ್ಲದ್ದು ಯಾವುದೂ ಇಲ್ಲ. ತರಗತಿಯಲ್ಲಿ ಈ ವಾಕ್ಯವನ್ನು ಬೋರ್ಡಿನ ಮೇಲೆ ಬರೆದ ವರ್ಷದಿಂದ ಮುಗ್ಗರಿಸುವವರು ಕಡಿಮೆಯಾದರು.

ರಾತ್ರಿಪಾಳಿ

ಮೇಷ್ಟ್ರೇ, ಇವೆರಡೂ ಯಾವಾಗ್ಲೂ ಒಂದೇ ಉತ್ತರ ಕೊಡ್ತವಾ?

ಹಳೇಟೇಬಲ್

ಒಂದು ಕಡೆ ಕೊಡುವುದಿಲ್ಲ, ಸರಿಯಾದ ಜಾಗಕ್ಕೇ ಬೆರಳಿಟ್ಟಿರಿ. "ಬೇಕು" ಪಟ್ಟಿ ಖಾಲಿಯಾಗಿದ್ದರೆ? ಎರಡು ಇಲ್ಲಗಳ ಕ್ವೆರಿ ಎಲ್ಲ ರೈತರನ್ನೂ ಕೊಡುತ್ತದೆ. ಏನನ್ನೂ ಕೇಳದಿದ್ದಾಗ "ಕೇಳಿದ್ದರಲ್ಲಿ ಇಲ್ಲದ್ದು ಯಾವುದೂ ಇಲ್ಲ" ಎಂಬುದು ಎಲ್ಲರಿಗೂ ಸತ್ಯ. ಅದೇ ಪಟ್ಟಿಯನ್ನು ಓದುವ ಎಣಿಸುವ ಕ್ವೆರಿಯಲ್ಲಿ ವೇರ್ ಎಲ್ಲ ಸಾಲುಗಳನ್ನೂ ಹೊರಹಾಕಿಬಿಡುತ್ತದೆ, ಗುಡ್ಡೆಯೇ ಆಗುವುದಿಲ್ಲ, ಒಬ್ಬರೂ ಬರುವುದಿಲ್ಲ. ತರ್ಕದ ಪ್ರಕಾರ ಮೊದಲನೆಯದೇ ಸರಿ. ಆದರೆ ಪರದೆಯ ಮೇಲೆ ಬಳಕೆದಾರರು ಯಾವ ತಳಿಯನ್ನೂ ಆಯದೆ ಗುಂಡಿ ಒತ್ತಿದಾಗ ಏನು ಕಾಣಬೇಕು ಎಂಬುದು ತರ್ಕದ ಪ್ರಶ್ನೆಯಲ್ಲ, ನಿಮ್ಮ ತೀರ್ಮಾನ.

ಸಾಲುಮರ

ಮೇಷ್ಟ್ರು ಕನ್ನಡದ ವಿಷಯ ಎತ್ತಿದ್ದಕ್ಕೆ ನಾನೂ ಒಂದು ಸೇರಿಸ್ತೀನಿ. ಹೊಸಬರು ಕ್ವೆರಿ ತಂದು ತೋರಿಸಿದಾಗ ನಾನು ಮೊದಲು ಕೇಳೋದು, "ನಿನ್ನ ಪ್ರಶ್ನೆ -ಓ ನಾ, -ಊ ನಾ, -ಏ ನಾ?"

ರಾಜಮುಡಿನೋ ಗಂಧಸಾಲೆನೋ ಇರೋರು. ಇದು ಇನ್. ಇಷ್ಟಕ್ಕೆ ಗ್ರೂಪ್ ಬೈ ಬೇಕಿಲ್ಲ.

ರಾಜಮುಡಿನೂ ಗಂಧಸಾಲೆನೂ ಚಿನ್ನಪೊನ್ನಿನೂ ಇರೋರು. ಇದು ಮೇಡಂ ಕೇಳಿದ್ದು. ಜೊತೆಗೆ ರತ್ನಚೂಡಿ ಇದ್ರೂ ತೊಂದರೆ ಇಲ್ಲ, 19ನೇ ರೈತರು ಬರಲಿ.

ಇವು ಮೂರು ಮಾತ್ರವೇ ಇರೋರು. ಬೇರೇನೂ ಇರಬಾರದು. 19 ಬರಬಾರದು.

ಮೂರನೆಯದಕ್ಕೆ ಹೋದಾಗ ಜನ ಎಡವೋದು ಒಂದೇ ಕಡೆ. ಮೇಲಿನ ಕ್ವೆರಿಯ ವೇರ್ ಹಾಗೇ ಇಟ್ಟುಕೊಂಡು ಹ್ಯಾವಿಂಗ್‌ನಲ್ಲಿ "ಬೇರೆ ತಳಿ ಇರಬಾರದು" ಅಂತ ಏನೇನೋ ಬರೀತಾರೆ. ವೇರ್ ಆಗಲೇ ರತ್ನಚೂಡಿಯನ್ನ ಬಾಗಿಲಲ್ಲೇ ತಡೆದಿದೆ, ಹ್ಯಾವಿಂಗ್‌ಗೆ ಅದು ಕಾಣೋದೇ ಇಲ್ಲ. ವೇರ್ ತೆಗೀಬೇಕು:

```
ಸೆಲೆಕ್ಟ್ ರೈತ_ಐಡಿ
ಫ್ರಮ್ ಬೆಳೆ
ಗ್ರೂಪ್ ಬೈ ರೈತ_ಐಡಿ
ಹ್ಯಾವಿಂಗ್ ಕೌಂಟ್(ಡಿಸ್ಟಿಂಕ್ಟ್ ತಳಿ) = 3
  ಆಂಡ್ ಕೌಂಟ್(ಡಿಸ್ಟಿಂಕ್ಟ್ ಕೇಸ್ ವೆನ್ ತಳಿ ಇನ್
      ('ರಾಜಮುಡಿ', 'ಗಂಧಸಾಲೆ', 'ಚಿನ್ನಪೊನ್ನಿ')
      ದೆನ್ ತಳಿ ಎಂಡ್) = 3;
```

ಒಟ್ಟು ತಳಿ ಮೂರೇ, ಅದರಲ್ಲಿ ಬೇಕಾದವೂ ಮೂರು. ಅಂದಮೇಲೆ ಬೇರೆಗೆ ಜಾಗವಿಲ್ಲ.

ಜವಾರಿ_ಜೋಳ

ಒಂದು ಬಾಲ ಹಚ್ತೀನ್ರಿ ಇದಕ್ಕ. ತಳಿ ಕಾಲಂ ಖಾಲಿ ಬಿಟ್ಟಿರೋ ಸಾಲು, ಅಂದ್ರ ನಲ್ ಇದ್ರ, ಕೌಂಟ್(ಡಿಸ್ಟಿಂಕ್ಟ್ ತಳಿ) ಅದನ್ನ ಎಣಸಂಗಿಲ್ಲ. ಒಬ್ರು ಮೂರು ತಳಿ ಜೊತಿಗೆ ಹೆಸರ ಗೊತ್ತಿಲ್ಲದ ಇನ್ನೊಂದು ಭತ್ತ ಹಾಕ್ಯಾರ, ಸ್ವಯಂಸೇವಕ ಆ ಜಾಗ ಖಾಲಿ ಬಿಟ್ಟಾನ ಅನ್ರಿ. "ಇಷ್ಟ ಇರೋರು" ಪಟ್ಟಿಯೊಳಗ ಅವರೂ ಬಂದ ಬಿಡ್ತಾರ. ಅದು ಬ್ಯಾಡಂದ್ರ `ಆಂಡ್ ಕೌಂಟ್(*) = ಕೌಂಟ್(ತಳಿ)` ಅಂತ ಒಂದು ಸಾಲು ಸೇರಸ್ರಿ. ಕೌಂಟ್(*) ಖಾಲಿನೂ ಎಣಸ್ತೈತಿ, ಕೌಂಟ್(ತಳಿ) ಎಣಸಂಗಿಲ್ಲ, ಎರಡೂ ಸಮ ಬಂದ್ರ ಖಾಲಿ ಇಲ್ಲ ಅಂತ ಅರ್ಥ.

ಹೊಸಬ_ಹಾಸನ

ಸಾರ್ ನಮ್ಮ ಆಫೀಸಲ್ಲಿ ಇದನ್ನೆಲ್ಲ ಒಂದೇ ಕಾಲಂನಲ್ಲಿ ಕಾಮಾ ಹಾಕಿ ಇಟ್ಟಿದ್ದಾರೆ, "ರಾಜಮುಡಿ,ಗಂಧಸಾಲೆ" ಅನ್ನೋ ಥರ. ಲೈಕ್ (ಪದದ ತುಣುಕು ಹುಡುಕೋದು) ಹಾಕಿ ಆಂಡ್ ಮಾಡಿದ್ರೆ ಒಂದೇ ಸಾಲಲ್ಲಿ ಮುಗಿಯುತ್ತಲ್ಲ? ಗ್ರೂಪ್ ಬೈನೇ ಬೇಡ.

ಕಡಲತಡಿ

ಮುಗೀತದೆ, ಡೇಟಾವೇ ಮುಗೀತದೆ. `ಲೈಕ್ '%ಸಣ್ಣ%'` ಅಂತ ಹಾಕಿ ನೋಡಿ: ಮೈಸೂರು ಸಣ್ಣವೂ ಬಂತು, ಕೊಯಮತ್ತೂರು ಸಣ್ಣವೂ ಬಂತು. ಯಾವುದು ಬೇಕಿತ್ತು? ಮತ್ತೆ ಮುಂದೆ ಶೇಕಡಾ ಚಿಹ್ನೆ ಇಟ್ಟ ಲೈಕಿಗೆ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕ್ಲಿಕ್ಕೆ ಇಡುವ ಸೂಚಿ) ಉಪಯೋಗಕ್ಕೆ ಬರುದಿಲ್ಲ, ಪ್ರತಿ ಸಲ ಟೇಬಲ್ ಪೂರ್ತಿ ಓದಬೇಕು. ಬಿಡಿಸಿ ಬೇರೆ ಟೇಬಲ್ ಮಾಡಿ, ಇವತ್ತೇ.

ರಾತ್ರಿಪಾಳಿ

ಪೋಸ್ಟ್‌ಗ್ರೆಸ್ ಅಂತಾದ್ರೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ಗುಡ್ಡೆಯ ತಳಿಗಳನ್ನೆಲ್ಲ ಒಂದು ಅರೇ (ಒಂದೇ ಮೌಲ್ಯವಾಗಿ ಕಟ್ಟಿದ ಪಟ್ಟಿ) ಮಾಡಿ, ಬೇಕಾದ ಅರೇ ಅದರೊಳಗೆ ಅಡಗಿದೆಯಾ ಅಂತ ಕೇಳೋದು.

```
ಹ್ಯಾವಿಂಗ್ ಅರೇ_ಆಗ್(ತಳಿ) @> ಅರೇ['ರಾಜಮುಡಿ', 'ಗಂಧಸಾಲೆ', 'ಚಿನ್ನಪೊನ್ನಿ']
```

ಡಿಸ್ಟಿಂಕ್ಟ್ ಬೇಡ, ಯಾಕಂದ್ರೆ ಈ ಚಿಹ್ನೆ ಒಂದೇ ಮೌಲ್ಯ ಎಷ್ಟು ಸಲ ಬಂದಿದೆ ಅಂತ ನೋಡಲ್ಲ. ಎಲ್ಲಕ್ಕಿಂತ ಮುಖ್ಯ, `= 3` ಅನ್ನೋ ಸಂಖ್ಯೆ ಇಲ್ಲ. ಆ ಮೂರನ್ನ ಕೈಯಾರೆ ಬರೆದಿಟ್ಟರೆ ನಾಳೆ ಪಟ್ಟಿಗೆ ನಾಲ್ಕನೇ ತಳಿ ಸೇರಿಸಿ ಮೂರನ್ನ ನಾಲ್ಕು ಮಾಡೋದು ಮರೆತುಹೋಗುತ್ತೆ. ಆಗ ನಾಲ್ಕೂ ಇರೋರು ಬಿಟ್ಟುಹೋಗ್ತಾರೆ, ನಾಲ್ಕರಲ್ಲಿ ಮೂರು ಇರೋರು ಬರ್ತಾರೆ. ಎರರ್ ಬರಲ್ಲ ಅನ್ನೋದೇ ಇದರ ಅಪಾಯ. ಆಪ್‌ನಿಂದ ಪಟ್ಟಿ ಬರೋ ಕಡೆ ಬಳಕೆದಾರ ರಾಜಮುಡಿನ ಎರಡು ಸಲ ಒತ್ತಿದ್ರೂ ಕಷ್ಟ: ಪಟ್ಟಿಯ ಉದ್ದ 3, ಆದ್ರೆ ಬೇರೆ ಬೇರೆ ತಳಿ 2, ಒಬ್ಬರೂ ಸಿಗಲ್ಲ. ಅರೇಯಲ್ಲಿ ಈ ತಲೆನೋವಿಲ್ಲ.

ಒಂದೇ ಎಚ್ಚರ, ಎರಡೂ ಕಡೆ ಟೈಪ್ ಒಂದೇ ಇರಬೇಕು. ತಳಿ ಕಾಲಂ ವಾರ್‌ಚಾರ್ ಆಗಿದ್ರೆ ಬಲಗಡೆ ಅರೇ ಟೆಕ್ಸ್ಟ್ ಅಂತ ಜಗಳ ತೆಗೆಯುತ್ತೆ, ಕಾಸ್ಟ್ ಮಾಡಿ, ಅಂದ್ರೆ ಒಂದೇ ಟೈಪ್‌ಗೆ ಬದಲಾಯಿಸಿಕೊಳ್ಳಿ.

ಸಾಲುಮರ

ಇದು ಚೆನ್ನಾಗಿದೆ. ಆದ್ರೆ ವೇರ್ ಇಲ್ಲದೆ ಎಲ್ಲರ ಎಲ್ಲ ಸಾಲನ್ನೂ ಅರೇ ಕಟ್ಟಿಸಿದ್ರೆ ದೊಡ್ಡ ಟೇಬಲ್‌ನಲ್ಲಿ ಭಾರ. ವೇರ್ ಇನ್ ಕೂಡ ಇಟ್ಟುಕೊಳ್ಳಿ, ಮೂರು ತಳಿಯ ಸಾಲಿಗಷ್ಟೇ ಅರೇ ಆಗುತ್ತೆ. ಮೇಡಂ ಟೇಬಲ್ ಗಾತ್ರಕ್ಕೆ ಇದ್ಯಾವುದೂ ಲೆಕ್ಕಕ್ಕಿಲ್ಲ ಬಿಡಿ, ನಾಲ್ಕೈದು ಸಾವಿರ ಸಾಲು ಇರಬಹುದು.

ವೇಗದ ಮಾತು ಬಂದದ್ದಕ್ಕೆ: ಸಾಲು ಕೋಟಿಗಟ್ಟಲೆ ಇದ್ದು, ಬೇಕಾದ ತಳಿಗಳಲ್ಲಿ ಒಂದು ತೀರ ಅಪರೂಪದ್ದಾದ್ರೆ ಲೆಕ್ಕ ಬದಲಾಗುತ್ತೆ. ಉದಾಹರಣೆಗೆ ಕಗ್ಗ. ಅಘನಾಶಿನಿ ಅಳಿವೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯೋ ಭತ್ತ ಅದು, ಪಟ್ಟಿಯಲ್ಲಿ ಬೆರಳೆಣಿಕೆ ಜನ ಇರ್ತಾರೆ. ಕಗ್ಗ ಮತ್ತು ಇನ್ನೊಂದು ಸಾಮಾನ್ಯ ತಳಿ ಎರಡೂ ಬೇಕು ಅಂದಾಗ ಎಣಿಸೋ ಕ್ವೆರಿ ಸಾಮಾನ್ಯ ತಳಿಯ ಲಕ್ಷಾಂತರ ಸಾಲನ್ನೂ ಗುಡ್ಡೆ ಹಾಕುತ್ತೆ. ಅದರ ಬದಲು ಟೇಬಲ್ಲನ್ನ ಅದಕ್ಕೇ ಜಾಯಿನ್ ಮಾಡಿದ್ರೆ, ಅಥವಾ ತಳಿಗೊಂದು ಎಕ್ಸಿಸ್ಟ್ಸ್ ಬರೆದ್ರೆ, ಪ್ಲಾನರ್ (ಕ್ವೆರಿ ಯಾವ ದಾರೀಲಿ ಓಡಬೇಕು ಅಂತ ತೀರ್ಮಾನಿಸೋ ಭಾಗ) ಕಗ್ಗದ ಕೆಲವೇ ಜನರಿಂದ ಶುರು ಮಾಡಿ ಅವರಷ್ಟಕ್ಕೇ ಇನ್ನೊಂದು ತಳಿ ಇದೆಯಾ ಅಂತ ಇಂಡೆಕ್ಸ್‌ನಲ್ಲಿ ನೋಡಬಹುದು. ಇಂಡೆಕ್ಸ್ (ತಳಿ, ರೈತ_ಐಡಿ) ಅನ್ನೋ ಕ್ರಮದಲ್ಲಿರಲಿ. ಎಕ್ಸ್‌ಪ್ಲೇನ್ ಅನಲೈಸ್ ಹಾಕಿ, ಕ್ವೆರಿ ಹೇಗೆ ಓಡಿತು, ಎಷ್ಟು ಹೊತ್ತಾಯ್ತು ಅಂತ ಕಣ್ಣಿಂದ ನೋಡದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ.

ಹೊಸಬ_ಹಾಸನ

ಮೈಎಸ್‌ಕ್ಯೂಎಲ್‌ನಲ್ಲಿ ಅರೇ ಇಲ್ಲ ಅಲ್ವಾ ಸಾರ್? ಏನು ಮಾಡೋದು?

ಜವಾರಿ_ಜೋಳ

ಕೌಂಟ್ ಡಿಸ್ಟಿಂಕ್ಟ್ ಅಲ್ಲೂ ಹಂಗ ನಡೀತೈತಿ, ಅದನ್ನ ಬಳಸು. ಇಂಟರ್‌ಸೆಕ್ಟ್ (ಎರಡು ಕ್ವೆರಿಯೊಳಗೂ ಇರೋ ಸಾಲು ಅಷ್ಟ ಕೊಡೋದು) ಬೇಕಂದ್ರ 8.0.31ರಿಂದ ಈಚೆ ಬಂದೈತಿ. ಅದರ ಹಿಂದಿನ ಆವೃತ್ತಿ ಇದ್ರ ಇಲ್ಲ.

ಬೀಜಬುಟ್ಟಿ

ಎಲ್ಲರಿಗೂ ಶರಣು. ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಆದ್ರೆ ಕತೆ ಮುಗಿದಿಲ್ಲ, ನಿನ್ನೆ ಒಂದು ಪೇಚಾಟ ಆಯ್ತು.

19 ಜನರ ಪಟ್ಟಿ ಹಿಡ್ಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಕೂತೆ. ನಾಲ್ಕನೆಯವರು ಹೇಳಿದ್ರು, "ರಾಜಮುಡಿ ಬಿಟ್ಟು ಎಷ್ಟೋ ವರ್ಷ ಆಯ್ತಲ್ಲವ್ವಾ, ಬಾವಿ ಬತ್ತಿದ ಮೇಲೆ ಹಾಕ್ಲೇ ಇಲ್ಲ. ಚಿನ್ನಪೊನ್ನಿ ಹಾಕಕ್ಕೆ ಶುರು ಮಾಡಿದ್ದು ಹೋದ ಸಲ." ಟೇಬಲ್‌ನಲ್ಲಿ ನೋಡಿದ್ರೆ ಹೌದು, ರಾಜಮುಡಿ 2016, ಗಂಧಸಾಲೆ 2019, ಚಿನ್ನಪೊನ್ನಿ 2023. ಮೂರೂ ಬೆಳೆದಿದ್ದಾರೆ, ಸುಳ್ಳಲ್ಲ. ಆದ್ರೆ ಒಟ್ಟಿಗೆ ಎಂದೂ ಬೆಳೆದಿಲ್ಲ. ಅಕ್ಕಪಕ್ಕದ ತಾಕು ತೋರಿಸ್ತೀನಿ ಅಂತ ಬಸ್ಸು ಮಾಡ್ಕೊಂಡು ಹೋಗಿದ್ರೆ ನನ್ನ ಗತಿ?

ಸಾಲುಮರ

ಇದು ನಮ್ಮೆಲ್ಲರ ತಪ್ಪು ಮೇಡಂ. ನೀವು ಮೊದಲ ಪೋಸ್ಟಿನಲ್ಲೇ ಅಕ್ಕಪಕ್ಕ ಅಂತ ಬರೆದಿದ್ರಿ. ನಾವು ತಳಿ ಎಣಿಸೋದರಲ್ಲಿ ಮುಳುಗಿ, ಗುಡ್ಡೆ ಯಾವುದು ಅಂತ ಕೇಳಲೇ ಇಲ್ಲ. ನೀವು ಕೇಳ್ತಿರೋದು ರೈತರನ್ನಲ್ಲ, ಒಬ್ಬ ರೈತರ ಒಂದು ವರ್ಷವನ್ನ. ಗುಡ್ಡೆ ಹಾಗೇ ಹಾಕಬೇಕು:

```
ಸೆಲೆಕ್ಟ್ ರೈತ_ಐಡಿ, ವರ್ಷ
ಫ್ರಮ್ ಬೆಳೆ
ವೇರ್ ತಳಿ ಇನ್ ('ರಾಜಮುಡಿ', 'ಗಂಧಸಾಲೆ', 'ಚಿನ್ನಪೊನ್ನಿ')
ಗ್ರೂಪ್ ಬೈ ರೈತ_ಐಡಿ, ವರ್ಷ
ಹ್ಯಾವಿಂಗ್ ಕೌಂಟ್(ಡಿಸ್ಟಿಂಕ್ಟ್ ತಳಿ) = 3
ಆರ್ಡರ್ ಬೈ ವರ್ಷ ಡಿಇಎಸ್‌ಸಿ;
```

ಒಬ್ಬರೇ ಬೇರೆ ಬೇರೆ ವರ್ಷಕ್ಕೆ ಎರಡು ಮೂರು ಸಲ ಬರಬಹುದು, ಅದು ತಪ್ಪಲ್ಲ. ಈಚಿನ ವರ್ಷ ಮಾತ್ರ ಬೇಕಂದ್ರೆ ವೇರ್‌ನಲ್ಲಿ ವರ್ಷ ಹಾಕಿ.

ಕಡಲತಡಿ

ಬೀಜದ ತೂಕವನ್ನೂ ನೋಡ್ಲಿಕ್ಕುಂಟಾ ನಿಮಗೆ? ಒಂದೊಂದು ತಳಿಯೂ ಕನಿಷ್ಠ ಇಂತಿಷ್ಟು ಕೆಜಿ ಇರಬೇಕು ಅಂತಾದ್ರೆ `ಬೀಜ_ಕೆಜಿ >= 5` ಅನ್ನು ವೇರ್‌ನಲ್ಲೇ ಹಾಕಬಹುದು, ಅದು ಒಂದು ಸಾಲಿನ ಪ್ರಶ್ನೆ. ಆದ್ರೆ ಒಂದೇ ತಳಿಯನ್ನು ಎರಡು ಗದ್ದೆಯಲ್ಲಿ ಹಾಕಿ ಎರಡು ಸಾಲು ಬರೆದಿದ್ರೆ, 3 ಮತ್ತು 4 ಕೆಜಿ ಸೇರಿ 7 ಆಗ್ತದಲ್ಲ, ಅವರನ್ನು ವೇರ್ ಓಡಿಸಿಬಿಡ್ತದೆ. ಆಗ ಮೊದಲು ರೈತ, ವರ್ಷ, ತಳಿ ಮೂರರ ಮೇಲೆ ಗುಂಪು ಮಾಡಿ ತೂಕ ಕೂಡಿಸಿ, ಅದರ ಮೇಲೆ ಇನ್ನೊಂದು ಗ್ರೂಪ್ ಬೈ ಕಟ್ಟಬೇಕು.

ಬೀಜಬುಟ್ಟಿ

ತೂಕ ಬೇಡ, ನೋಡೋದಕ್ಕೆ ಹೋಗೋದು, ಕೊಳ್ಳೋದಕ್ಕಲ್ಲ. ವರ್ಷ ಸೇರಿಸಿ ಓಡಿಸಿದೆ. ಎಲ್ಲ ವರ್ಷ ಸೇರಿ 11 ಜನ, 2023ಕ್ಕೆ ಮಾತ್ರ ಅಂದ್ರೆ 6 ಜನ. ಆರಕ್ಕೆ ಆರೂ ಜನಕ್ಕೆ ಫೋನ್ ಮಾಡಿದೆ, ಆರೂ ಜನ ಹೌದು ಅಂದ್ರು. ಒಬ್ಬರಂತೂ "ಮೂರೂ ಒಂದೇ ಸಲ ತೆನೆ ಬರಲ್ಲ ಕಣವ್ವ, ಯಾವುದನ್ನ ನೋಡಕ್ಕೆ ಬರ್ತೀರ ಮೊದಲೇ ಹೇಳಿ" ಅಂದ್ರು. ತೆನೆ ಬರೋ ದಿನಾಂಕ ನಮ್ಮ ಟೇಬಲ್‌ನಲ್ಲಿ ಇಲ್ಲವೇ ಇಲ್ಲ.

ಹಳೇಟೇಬಲ್

ಒಂದು ಕಾಲಂ ಸೇರಿಸಿಬಿಡಿ ತಾಯಿ. ಹೆಸರು ಕನ್ನಡದಲ್ಲಿ ಇಡುವುದಾದರೆ ಚಿಕ್ಕದಾಗಿರಲಿ. ಪೋಸ್ಟ್‌ಗ್ರೆಸ್ ಹೆಸರಿಗೆ ಕೊಡುವುದು 63 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 21 ಸಂಕೇತಕ್ಕೆ ಮುಗಿಯಿತು. ಒತ್ತು, ಗುಣಿತ ಎಲ್ಲ ಅದರಲ್ಲೇ. ನನ್ನ ಶಿಷ್ಯನೊಬ್ಬ ಕಾಲಂಗೆ ಒಂದು ಇಡೀ ವಾಕ್ಯವನ್ನೇ ಹೆಸರಿಟ್ಟು, ಅರ್ಧಕ್ಕೆ ಕತ್ತರಿಸಿಹೋಯಿತೆಂದು ನನ್ನನ್ನೇ ಬೈದಿದ್ದ.

ಬೀಜಬುಟ್ಟಿ

"ತೆನೆ_ದಿನ" ಅಂತ ಇಟ್ಟೆ ಸಾರ್. ಈಗ ಆರೂ ಜನರಿಗೆ ಮತ್ತೆ ಫೋನ್ ಮಾಡಬೇಕು.